ಹಾಸಿಗೆ ಅಳೆಯಲು ಕಲಿಯೋಣ

ಕ್ಲೌಡ್ ಕಲಿತ ಗೆಳೆಯರ ರೆಸ್ಯೂಮೆಗಳನ್ನು ನೋಡಿ. ಸರ್ವರ್ ಶುರು ಮಾಡಲು ಬರುತ್ತದೆ, ವೆಬ್‌ಸೈಟ್ ನಡೆಸಲು ಬರುತ್ತದೆ ಎಂದು ಎಲ್ಲರೂ ಬರೆದಿರುತ್ತಾರೆ. 'ಇದಕ್ಕೆ ತಿಂಗಳಿಗೆ ಖರ್ಚೆಷ್ಟು?' ಎಂದು ಕೇಳಿದರೆ ಮಾತ್ರ ಹಲವರು ತಡವರಿಸುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಹಾಸಿಗೆಯ ಉದ್ದ ಮೊದಲು ಗೊತ್ತಿರಬೇಕಲ್ಲವೇ?

ಅಮೆಜಾನ್‌ನ ಎಡಬ್ಲ್ಯುಎಸ್‌ ಅನ್ನೇ ತೆಗೆದುಕೊಳ್ಳಿ. ಅಲ್ಲಿ 'ಕಾಸ್ಟ್ ಎಕ್ಸ್‌ಪ್ಲೋರರ್' ಎಂಬ ಸೌಲಭ್ಯವಿದೆ. ತಿಂಗಳ ಹಾಗೂ ದಿನದ ಖರ್ಚನ್ನು ಪರದೆಯ ಮೇಲೆ ಉಚಿತವಾಗಿ ನೋಡಬಹುದು. ಮನೆಯ ಕರೆಂಟ್ ಬಿಲ್ಲಿನಂತೆ ಇಲ್ಲೂ ಒಟ್ಟು ಮೊತ್ತ ಸಿಗುತ್ತದೆ, ಯಾವ ಹೊತ್ತಿನಲ್ಲಿ ಎಷ್ಟು ಉರಿಯಿತು ಎಂಬುದು ತಿಳಿಯುವುದಿಲ್ಲ. ಕಳೆದ 14 ದಿನಗಳ ಗಂಟೆಗಂಟೆಯ ವಿವರ ಬೇಕೆಂದರೆ ಪ್ರತ್ಯೇಕ ಶುಲ್ಕವಿದೆ. ಸಾವಿರ ಬಳಕೆ ದಾಖಲೆಗಳಿಗೆ ತಿಂಗಳಿಗೆ 0.01 ಡಾಲರ್, ಅಂದರೆ ಒಂದು ಸೆಂಟ್.

ಒಂದು ಸರ್ವರ್ ದಿನವಿಡೀ ಓಡಿದರೆ 24 ದಾಖಲೆ. 14 ದಿನಕ್ಕೆ 336. ನೂರು ಸರ್ವರ್‌ಗಳಿಗೆ 33,600 ದಾಖಲೆಗಳಾದವು, ಶುಲ್ಕ ಸುಮಾರು 34 ಸೆಂಟ್. ಇಷ್ಟೇ ಆದರೆ ಕಾಗದದ ಮೇಲೆ ಲೆಕ್ಕ ಹಾಕಬಹುದು. ದೊಡ್ಡ ಕಂಪನಿಗಳಲ್ಲಿ ಸರ್ವರ್ ಜೊತೆ ಡಿಸ್ಕ್, ಡೇಟಾಬೇಸ್, ಡೇಟಾ ಸಾಗಣೆಯ ದಾಖಲೆಗಳೂ ಸೇರುತ್ತವೆ. ಆಗ ಕೈಲೆಕ್ಕ ಸಾಲದು.

ಅದಕ್ಕೆಂದೇ 'ಗೆಟ್ ಅಪ್ರಾಕ್ಸಿಮೇಟ್ ಯೂಸೇಜ್ ರೆಕಾರ್ಡ್ಸ್' ಎಂಬ ಎಪಿಐ ಇದೆ. ಪೈಥಾನ್ ಬಲ್ಲವರು ಬೋಟೊ3 ಲೈಬ್ರರಿಯಿಂದ ಕೆಲವೇ ಸಾಲುಗಳಲ್ಲಿ ಇದನ್ನು ಕರೆಯಬಹುದು. ಗಂಟೆಯ ಲೆಕ್ಕವೋ ದಿನದ್ದೋ, ಯಾವ ಸೇವೆಗಳದ್ದು ಎಂದು ತಿಳಿಸಿದರೆ, ಪ್ರತಿ ಸೇವೆಯ ಅಂದಾಜು ದಾಖಲೆಗಳು, ಒಟ್ಟು ಸಂಖ್ಯೆ ಮತ್ತು ಎಣಿಸಿದ ಅವಧಿ ಉತ್ತರವಾಗಿ ಬರುತ್ತವೆ. ಶುಲ್ಕದ ಸೌಲಭ್ಯವನ್ನು ಆನ್ ಮಾಡುವ ಮೊದಲೇ ಖರ್ಚಿನ ಅಂದಾಜು ಸಿಕ್ಕಂತಾಯಿತು.

ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಈ ಸಂಖ್ಯೆ ಹಿಂದಿನ ಬಳಕೆಯ ಅಂದಾಜು. ಮುಂದಿನ ವಾರ ನೀವು ಇನ್ನೂ ಐವತ್ತು ಸರ್ವರ್ ಸೇರಿಸುವ ವಿಷಯ ಅದಕ್ಕೆ ಗೊತ್ತಿರುವುದಿಲ್ಲ. ಮುಂದಿನ ಖರ್ಚನ್ನು ಊಹಿಸಲು 'ಗೆಟ್ ಕಾಸ್ಟ್ ಫೋರ್‌ಕಾಸ್ಟ್' ಎಂಬ ಬೇರೆಯೇ ಎಪಿಐ ಇದೆ. ಎರಡನೆಯದು, ಪರದೆಯಲ್ಲಿ ನೋಡುವುದು ಉಚಿತವಾದರೂ ಕಾಸ್ಟ್ ಎಕ್ಸ್‌ಪ್ಲೋರರ್ ಎಪಿಐಗೆ ಹೋಗುವ ಪ್ರತಿ ಕೋರಿಕೆಗೂ ಒಂದು ಸೆಂಟ್ ಬೀಳುತ್ತದೆ. ನಿಮಿಷಕ್ಕೊಮ್ಮೆ ಕೇಳುವ ಸ್ಕ್ರಿಪ್ಟ್ ಬರೆದಿಟ್ಟರೆ ದಿನಕ್ಕೆ 1,440 ಕೋರಿಕೆ, 14.40 ಡಾಲರ್! ಮೂವತ್ನಾಲ್ಕು ಸೆಂಟ್‌ನ ಲೆಕ್ಕ ತಿಳಿಯಲು ಅಷ್ಟು ಕೊಡುವುದು ಯಾವ ಜಾಣತನ? ದಿನಕ್ಕೊಮ್ಮೆ ಕೇಳಿ ಉತ್ತರವನ್ನು ಫೈಲಿನಲ್ಲಿ ಉಳಿಸಿಕೊಂಡರೆ ಸಾಕು.

ಕಲಿಯಲು ಖಾತೆ ತೆರೆಯುವಾಗ ಕಾರ್ಡಿನ ವಿವರ ಕೊಟ್ಟಿರುತ್ತೇವೆ. ಎಷ್ಟೋ ಮನೆಗಳಲ್ಲಿ ಅದು ಅಪ್ಪನ ಕಾರ್ಡ್. ಆದ್ದರಿಂದ ಮೊದಲ ದಿನವೇ 'ಬಜೆಟ್ಸ್'ನಲ್ಲಿ ಮಿತಿ ಹಾಕಿ. ಮಿತಿ ದಾಟಿದರೆ ಇಮೇಲ್ ಬರುತ್ತದೆ, ಆದರೆ ಆ ಇಮೇಲ್ ತಾನಾಗಿ ಸರ್ವರ್ ನಿಲ್ಲಿಸುವುದಿಲ್ಲ. ಆ ಕೆಲಸ ನಮ್ಮದೇ.

ಮುಂದಿನ ಪ್ರಾಜೆಕ್ಟ್ ವರದಿಯಲ್ಲಿ ಕೋಡ್ ಜೊತೆಗೆ ಒಂದು ಪುಟ ಖರ್ಚಿನ ಅಂದಾಜನ್ನೂ ಸೇರಿಸಿ. ಸಂದರ್ಶಕರು ಬಹುಶಃ ಆ ಪುಟದಿಂದಲೇ ಪ್ರಶ್ನೆ ಶುರು ಮಾಡುತ್ತಾರೆ.