ಅವಳಿ ವೀರರ ಕಥೆಯೂ ಅದರ ದನಿಯೂ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ, ಪದವಿ ತರಗತಿಯಲ್ಲಿ ವೀರರಸವನ್ನು ಕುರಿತು ಪಾಠ ಹೇಳುತ್ತಿದ್ದಾಗ, ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಒಂದು ಪ್ರಶ್ನೆಯನ್ನು ಕೇಳಿದನು. ಬ್ಯಾಟ್‌ಮ್ಯಾನ್ ಎಂಬ ಅಮೆರಿಕದ ವೀರನ ಚಿತ್ರಗಳನ್ನೆಲ್ಲ ಕ್ರಮವಾಗಿ ನೋಡಿದ ಹುಡುಗ ಅವನು. ವೀರನು ಅವನೇ, ಊರು ಅದೇ, ವೈರಿಗಳೂ ಅವರೇ. ಆದರೂ ಒಂದು ಕಾಲದಲ್ಲಿ ನಗಿಸುತ್ತಿದ್ದ ಕಥೆ ಇನ್ನೊಂದು ಕಾಲದಲ್ಲಿ ಅಂಜಿಸುವುದೇಕೆ ಎಂಬುದು ಅವನ ಪ್ರಶ್ನೆಯಾಗಿದ್ದಿತು.

ಪ್ರಶ್ನೆ ಸಣ್ಣದಲ್ಲ. ೧೯೩೯ರಲ್ಲಿ ಚಿತ್ರಕಥೆಯ ಪುಟಗಳಲ್ಲಿ ಹುಟ್ಟಿದ ಆ ವೀರನು ೧೯೬೬ರ ದೂರದರ್ಶನ ಮಾಲಿಕೆಯಲ್ಲಿ ಬಹುಮಟ್ಟಿಗೆ ವಿನೋದದ ವಸ್ತುವಾದನು. ೧೯೮೯ರಲ್ಲಿ ಟಿಮ್ ಬರ್ಟನ್ ಎಂಬ ನಿರ್ದೇಶಕನು ಅವನನ್ನು ಕತ್ತಲೆಗೆ ಕರೆದೊಯ್ದನು. ೧೯೯೭ರ ಹೊತ್ತಿಗೆ ಕಥೆ ಮರಳಿ ಬಣ್ಣಬಣ್ಣದ ಆಟವಾಯಿತು. ೨೦೦೫ರಿಂದ ಕ್ರಿಸ್ಟೋಫರ್ ನೋಲನ್ ಅದೇ ಕಥೆಗೆ ಭಯ, ಶೋಕ, ಅಪರಾಧಪ್ರಜ್ಞೆಗಳ ಭಾರವನ್ನು ತುಂಬಿದನು. ಕಥೆಯನ್ನು ಕೇಳುವವರು ಬದಲಾದಂತೆ ಅದರ ದನಿಯೂ ಬದಲಾಗುತ್ತದೆ ಎಂದು ನಾನು ಆ ಹೊತ್ತಿಗೆ ಉತ್ತರವಿತ್ತೆನು. ಆದರೆ ಮನೆಗೆ ಬಂದ ಮೇಲೆ, ಈ ಪ್ರಶ್ನೆಯನ್ನು ಕೇಳಲು ನಾವು ಅಷ್ಟು ದೂರ ಹೋಗಬೇಕಾಗಿಯೇ ಇರಲಿಲ್ಲವಲ್ಲ ಎನಿಸಿತು. ನಮ್ಮ ಪುತ್ತೂರು, ಸುಳ್ಯ, ಕಡಬಗಳ ಮಣ್ಣಿನಲ್ಲಿಯೇ ಹುಟ್ಟಿ, ಹೋರಾಡಿ, ಮಡಿದು, ದೈವಗಳಾದ ಇಬ್ಬರು ವೀರರ ಕಥೆ ಶತಮಾನಗಳಿಂದ ದನಿ ಬದಲಿಸುತ್ತ ಬಂದಿದೆ. ಕೋಟಿ-ಚೆನ್ನಯರ ಕಥೆಯನ್ನೇ ನಾನು ಹೇಳುತ್ತಿರುವುದು.

ದನಿಯೆಂದರೆ ಇಲ್ಲಿ ಆನಂದವರ್ಧನನ ಧ್ವನಿಯಲ್ಲ. ಹೇಳುವವರ ಕೊರಳಿನಲ್ಲಿರುವ ಭಾವ. ಆದರೂ ಆ ಮಹಾನುಭಾವನ ಒಂದು ಮಾತು ನಮಗೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಕಾವ್ಯದಲ್ಲಿ ಹಲವು ರಸಗಳಿದ್ದರೂ ಒಂದು ಮಾತ್ರ ಅಂಗಿಯಾಗಿರುತ್ತದೆ, ಉಳಿದವು ಅದಕ್ಕೆ ಅಂಗಗಳು ಎಂದು ಅವನು ಹೇಳಿದನು. ಅಷ್ಟೊಂದು ಯುದ್ಧಗಳುಳ್ಳ ರಾಮಾಯಣಕ್ಕೆ ಕರುಣವೇ ಅಂಗಿರಸವೆಂದು ನಿರ್ಣಯಿಸಿದನು. ಕೋಟಿ-ಚೆನ್ನಯರ ಕಥೆಗೆ ಅಂಗಿರಸ ಯಾವುದು? ಯಾರ ಬಾಯಿಂದ ಕೇಳಿದಿರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಮೊದಲು ಕಥೆಯ ನೆಲವನ್ನು ನೋಡೋಣ. ಪುತ್ತೂರು ತಾಲೂಕಿನ ಪಡುಮಲೆ ಈ ವೀರರ ಜನ್ಮಭೂಮಿ. ಅಲ್ಲಿಂದ ಅವರು ಸೋದರಿಯ ಊರಾದ ಪಂಜಕ್ಕೆ ಹೋದರು. ಪಂಜದಿಂದ ಎಣ್ಮೂರಿಗೆ ಹೋಗಿ ಅಲ್ಲಿಯ ಬಲ್ಲಾಳನ ಆಶ್ರಯದಲ್ಲಿ ನಿಂತು, ಅಲ್ಲಿಯೇ ಯುದ್ಧದಲ್ಲಿ ಮಡಿದರು. ಈ ಕಥೆಯ ಮುಖ್ಯ ಸ್ಥಳಗಳೆಲ್ಲವೂ ಹಳೆಯ ಪುತ್ತೂರು-ಸುಳ್ಯ ಸೀಮೆಗಳೊಳಗೆ, ಇತ್ತೀಚೆಗೆ ಪ್ರತ್ಯೇಕ ತಾಲೂಕಾದ ಕಡಬದ ಆಸುಪಾಸಿನಲ್ಲಿ, ಇವೆ. ಬೆಳಗ್ಗೆ ಪುತ್ತೂರಿನಲ್ಲಿ ಬಸ್ಸು ಹತ್ತಿದವನು ಸಂಜೆಯೊಳಗೆ ಒಂದು ವೀರಚರಿತೆಯ ಆದಿ, ಮಧ್ಯ, ಅಂತ್ಯಗಳನ್ನು ಕಣ್ಣಾರೆ ನೋಡಿ ಬರಬಹುದು. ಇದು ಹದಿನಾರನೆಯ ಶತಮಾನದ ಸುಮಾರಿಗೆ ನಡೆದಿರಬೇಕೆಂದು ಕೆಲವು ವಿದ್ವಾಂಸರ ಊಹೆ.

ಕಥೆಯ ಅತ್ಯಂತ ಹಳೆಯ ದನಿ ತುಳು ಪಾಡ್ದನದ್ದು. ನೇಜಿ ನೆಡುವ ಗದ್ದೆಯಲ್ಲಿ ಬೆನ್ನು ಬಾಗಿಸಿ ನಿಂತ ಹೆಂಗಸರಲ್ಲಿ ಒಬ್ಬಳು ಸಾಲನ್ನು ಹೇಳುವಳು, ಉಳಿದವರು ಅದನ್ನು ಎತ್ತಿಕೊಳ್ಳುವರು. ಈ ಹಾಡಿನಲ್ಲಿ ವೀರರು ಹುಟ್ಟುವುದಕ್ಕೆ ಮೊದಲೇ ಕಥೆ ಬಹುದೂರ ನಡೆದಿರುತ್ತದೆ. ಮದುವೆಗೆ ಮುನ್ನ ಋತುಮತಿಯಾದಳೆಂಬ ಕಾರಣಕ್ಕಾಗಿ ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿನಲ್ಲಿ ಬಿಟ್ಟುಬಂದ ಬ್ರಾಹ್ಮಣ ಬಾಲಿಕೆ. ಅವಳನ್ನು ತಂಗಿಯೆಂದು ಮನೆಗೆ ಕರೆತಂದ ಸಾಯನ ಬೈದ್ಯ. ದೇಯಿ ಬೈದೆತಿಯೆಂಬ ಹೆಸರಿನಿಂದ ಬೆಳೆದು ನಾಟಿವೈದ್ಯದಲ್ಲಿ ನಿಪುಣಳಾದ ಆಕೆ. ಬೇಟೆಯಲ್ಲಿ ಕಾಲಿಗೆ ಮುಳ್ಳು ಚುಚ್ಚಿ ನರಳುತ್ತಿದ್ದ ಪಡುಮಲೆಯ ಪೆರುಮಾಳ ಬಲ್ಲಾಳ. ತುಂಬಿದ ಗರ್ಭಿಣಿಯಾಗಿದ್ದರೂ ಹೋಗಿ ಅವನನ್ನು ಗುಣಪಡಿಸಿದ ದೇಯಿ. ಬಲ್ಲಾಳನು ಆಗ ಕೊಟ್ಟ ಮಾತು. ಅವಳಿ ಗಂಡುಮಕ್ಕಳ ಜನನ. ಸ್ವಲ್ಪದರಲ್ಲಿಯೇ ತಾಯಿಯ ಮರಣ. ಇಷ್ಟು ಆದ ಮೇಲೆ ತಾನೆ ಕೋಟಿ, ಚೆನ್ನಯರು ಎಂಬ ಹೆಸರುಗಳು ಹಾಡಿನೊಳಗೆ ಬರುವುದು!

ಮುಂದಿನ ಭಾಗದಲ್ಲಿಯೂ ಜಗಳವೆಲ್ಲ ಗದ್ದೆಯ ಜಗಳವೇ. ಮಂತ್ರಿ ಬುದ್ಯಂತನ ಗದ್ದೆಯೂ ಇವರ ಗದ್ದೆಯೂ ಅಕ್ಕಪಕ್ಕ. ಕಂಬಳದ ದಿನದ ಮೇಲೆ, ನೀರಿನ ಮೇಲೆ ಮನಸ್ತಾಪ ಬೆಳೆದು ಬುದ್ಯಂತನ ಕೊಲೆಯಲ್ಲಿ ಮುಗಿಯಿತು. ತಾಯಿಗೆ ಕೊಟ್ಟ ಮಾತಿನಂತೆ ಭೂಮಿಯನ್ನು ಕೊಡೆಂದು ಕೇಳಿದಾಗ ಬಲ್ಲಾಳನು ಕೊಡಲಿಲ್ಲ. ಅವರು ಊರು ಬಿಟ್ಟರು. ಬಾಯಾರಿ ಬಂದು ನೀರು ಕೇಳಿದ ಮನೆಯ ಒಡತಿಯೇ, ಹಿಂದೆಂದೂ ಕಾಣದ ತಮ್ಮ ಸೋದರಿ ಕಿನ್ನಿದಾರು ಎಂದು ಪಂಜದಲ್ಲಿ ತಿಳಿಯಿತು. ನೆಡುವವರ ಕೈ ಈ ಸ್ಥಳದಲ್ಲಿ ನಿಲ್ಲುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಕೊನೆಗೆ ಎಣ್ಮೂರಿನ ಯುದ್ಧದಲ್ಲಿ ಬಾಣ ತಗಲಿ ಕೋಟಿ ಬಿದ್ದನು. ಅಣ್ಣನಿಲ್ಲದ ಬಾಳು ತನಗೆ ಬೇಡವೆಂದು ಚೆನ್ನಯನು ಕಲ್ಲಿಗೆ ತಲೆಯನ್ನು ಅಪ್ಪಳಿಸಿ ಪ್ರಾಣ ಬಿಟ್ಟನು. ಈ ಹಾಡಿಗೆ ಕರುಣವೇ ಅಂಗಿರಸ. ವೀರವು ಅಲ್ಲಿ ಅಂಗವಾಗಿ ಬರುತ್ತದೆ. ಭೂಮಿಯಿಲ್ಲದವರು, ತವರು ದೂರವಾದವರು, ಬಾಣಂತಿತನದಲ್ಲಿ ಅಕ್ಕತಂಗಿಯರನ್ನು ಕಳೆದುಕೊಂಡವರು ಹಾಡಿದ ಕಥೆಗೆ ಬೇರೆ ರಸ ಹೇಗೆ ತಾನೆ ಒದಗೀತು?

ಎರಡನೆಯ ದನಿ ಗರಡಿಯದು. ಮಡಿದ ವೀರರು ಬೈದೆರುಗಳಾಗಿ, ಬೆರ್ಮೆರ ಸನ್ನಿಧಿಯಲ್ಲಿ ನೆಲೆನಿಂತು ಪೂಜೆಗೊಳ್ಳುವ ಸ್ಥಾನವಿದು. ತುಳುನಾಡಿನಲ್ಲಿ ಅರುವತ್ತಾರು ಗರಡಿಗಳೆಂಬುದು ರೂಢಿಯ ಮಾತು. ಎಣ್ಮೂರಿನದನ್ನು ಆದಿ ಗರಡಿಯೆಂದು ಕರೆಯುವರು. ನೇಮದ ರಾತ್ರಿ ದೀವಟಿಗೆಯ ಬೆಳಕಿನಲ್ಲಿ, ಕೈಯಲ್ಲಿ ಸುರಿಯವನ್ನು ಹಿಡಿದು ಆವೇಶಗೊಂಡು ನಿಂತ ಪಾತ್ರಿಯ ಮುಂದೆ ಯಾರೂ ಅಳುವುದಿಲ್ಲ, ಎಲ್ಲರೂ ಕೈಮುಗಿಯುವರು. ಗದ್ದೆಯಲ್ಲಿ ಅನ್ಯಾಯಕ್ಕೊಳಗಾದ ಹುಡುಗರು ಇಲ್ಲಿ ಅನ್ಯಾಯವನ್ನು ವಿಚಾರಿಸುವ ಶಕ್ತಿಗಳಾಗಿರುವರು. ಅದ್ಭುತವೂ ಭಯವೂ ಕೂಡಿದ ಭಕ್ತಿ ಇಲ್ಲಿಯ ಭಾವ. ಆದರೆ ಬೆಳಗಾದ ಮೇಲೆ ಗರಡಿಯಿಂದ ಮನೆಗೆ ಹಿಂತಿರುಗಿದ ಹೆಂಗಸೇ ಮರುದಿನ ಗದ್ದೆಗಿಳಿದು ದೇಯಿಯ ಪಾಡ್ದನವನ್ನು ಎತ್ತಿಕೊಳ್ಳುತ್ತಿದ್ದುದರಿಂದ ಒಂದು ದನಿ ಇನ್ನೊಂದನ್ನು ಮುಳುಗಿಸಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಥೆ ಕಾಗದದ ಮೇಲೆ ಬಂದಿತು. ಬರ್ನೆಲ್ ಎಂಬ ಆಂಗ್ಲ ಅಧಿಕಾರಿಯ ಸಂಗ್ರಹದಲ್ಲಿದ್ದ ತುಳು ಪಾಡ್ದನಗಳು, ಬಾಸೆಲ್ ಮಿಷನ್ನಿನ ಮ್ಯಾನರ್ ಎಂಬವರ ಅನುವಾದದೊಡನೆ ೧೮೯೦ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಎಂಬ ಪತ್ರಿಕೆಯಲ್ಲಿ ಪ್ರಕಟವಾದುವು. ಅಲ್ಲಿಯ ದನಿ ಸಂಶೋಧಕನದು. ಅವನು ಅಳುವವನೂ ಅಲ್ಲ, ಕೈಮುಗಿಯುವವನೂ ಅಲ್ಲ. ಆ ಬಳಿಕ ಪಂಜೆ ಮಂಗೇಶರಾಯರು ಈ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು. ಮನೆಮಾತು ಕೊಂಕಣಿ, ಕಥೆಯ ಭಾಷೆ ತುಳು, ಬರೆದುದು ಕನ್ನಡ. ನಮ್ಮ ಜಿಲ್ಲೆಯ ಬಾಳ್ವೆಯೆಲ್ಲವೂ ಆ ಒಂದು ಪುಸ್ತಕದಲ್ಲಿ ಸೇರಿಕೊಂಡಿದೆ ಎನ್ನಬಹುದು. ಮಕ್ಕಳ ಶಿಕ್ಷಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ಬಾಳಿದ ಅವರ ಬರವಣಿಗೆಯಲ್ಲಿ ವಾಕ್ಯಗಳು ಚಿಕ್ಕವು, ಚುರುಕಾದುವು. ಸಾಹಸ, ಸತ್ಯನಿಷ್ಠೆ, ಭ್ರಾತೃಪ್ರೇಮಗಳು ಎದ್ದು ಕಾಣುವುವು. ವೀರವು ಅಂಗಿಯಾದುದು ಇಲ್ಲಿ. ಓದುವ ಬಾಲಕನು ಅತ್ತು ಕೂರದೆ ತಲೆಯೆತ್ತಿ ನಿಲ್ಲಬೇಕೆಂಬುದು ಆ ಕಾಲದ ಶಿಕ್ಷಕರ ಆಶಯ. ಪರರಾಜ್ಯದಡಿಯಲ್ಲಿದ್ದ ನಾಡಿಗೆ ಅದು ಬೇಕಾಗಿಯೂ ಇದ್ದಿತು.

ಯಕ್ಷಗಾನ ರಂಗಕ್ಕೆ ಏರಿದಾಗ ಕಥೆಗೆ ಮಾತಿನ ಬಲ ಬಂದಿತು. ನಾನು ಕಂಡ ಆಟಗಳಲ್ಲಿ ಎಲ್ಲರೂ ಕಾದಿರುತ್ತಿದ್ದ ಸನ್ನಿವೇಶವೆಂದರೆ ಬಲ್ಲಾಳನ ಚಾವಡಿಯ ವಾದ. ಪಾಡ್ದನದಲ್ಲಿ ಭೂಮಿಯನ್ನು ಬೇಡುವ ಮಾತು ನಾಲ್ಕಾರು ಸಾಲುಗಳಲ್ಲಿ ಮರುಮರಳಿ ಬರುವಂಥದು. ಅರ್ಥಧಾರಿಯ ಬಾಯಲ್ಲಿ ಅದು ಧರ್ಮ, ಋಣ, ರಾಜನೀತಿಗಳ ಚರ್ಚೆಯಾಗಿ ಅರ್ಧ ತಾಸು ಬೆಳೆಯುತ್ತಿತ್ತು. ಬುದ್ಯಂತನು ಹಾಸ್ಯಕ್ಕೂ ಕುಟಿಲತೆಗೂ ಒದಗುವ ವೇಷವಾದನು. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ದೇಯಿಯ ಭಾಗ ಪೂರ್ವರಾತ್ರಿಯಲ್ಲಿಯೇ ಮುಗಿದುಹೋಗುತ್ತಿತ್ತು. ಡೇರೆಯೊಳಗೆ ಜನ ತುಂಬುವುದು ಆಮೇಲೆ.

ತುಳು ಚಲನಚಿತ್ರವು ೧೯೭೧ರಲ್ಲಿ ‘ಎನ್ನ ತಂಗಡಿ’ಯಿಂದ ಆರಂಭವಾಯಿತಷ್ಟೆ. ಎರಡೇ ವರ್ಷಗಳಲ್ಲಿ, ೧೯೭೩ರಲ್ಲಿ, ಕಾದಂಬರಿಕಾರ ವಿಶುಕುಮಾರರು ‘ಕೋಟಿ ಚೆನ್ನಯ’ವನ್ನು ತೆರೆಗೆ ತಂದರು. ಹೊಸ ಮಾಧ್ಯಮವೊಂದು ಕೈಗೆ ಬಂದೊಡನೆ ತುಳುವರು ಈ ಕಥೆಯನ್ನೇ ನೆನೆದರೆಂಬುದು ಗಮನಿಸಬೇಕಾದ ಸಂಗತಿ. ಮುಂದೆ ಆನಂದ್ ಪಿ. ರಾಜು ಅವರು ನಿರ್ದೇಶಿಸಿದ ಅದೇ ಹೆಸರಿನ ಚಿತ್ರಕ್ಕೆ ೨೦೦೬ರ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ತುಳು ಚಿತ್ರವೆಂಬ ಮನ್ನಣೆ ದೊರೆಯಿತು. ತೆರೆಗೆ ತನ್ನದೇ ಆದ ಅಗತ್ಯಗಳುಂಟು. ದಿನಗಟ್ಟಲೆ ಹಾಡಬಹುದಾದುದನ್ನು ಎರಡೂವರೆ ತಾಸಿನಲ್ಲಿ ಮುಗಿಸಬೇಕು. ಕಣ್ಣಿಗೆ ಕಾಣುವಂಥದು ಇರಬೇಕು. ಕಾಳಗವನ್ನು ತೋರಿಸಬಹುದು, ಕಾಡನ್ನು ತೋರಿಸಬಹುದು. ನೀರಿನ ಪಾಲಿಗಾಗಿ ವರ್ಷಗಟ್ಟಲೆ ಒಳಗೊಳಗೇ ಕುದಿದ ಸಂಕಟವನ್ನು ತೋರಿಸುವುದು ಕಷ್ಟ. ರೌದ್ರವು ಮುಂದೆ ಬಂದುದಕ್ಕೆ ಇದೇ ಕಾರಣ.

ವಿಚಿತ್ರವೆಂದರೆ ಈಚಿನ ವರ್ಷಗಳಲ್ಲಿ ತಾಯಿ ಮರಳಿ ಬಂದಿದ್ದಾಳೆ. ೨೦೧೯ರಲ್ಲಿ ‘ದೇಯಿ ಬೈದೆತಿ’ ಎಂಬ ಹೆಸರಿನಲ್ಲಿಯೇ ತುಳು ಚಿತ್ರವೊಂದು ಬಂದಿತು. ಪಡುಮಲೆಯ ಬಳಿಯ ಗೆಜ್ಜೆಗಿರಿ ನಂದನ ಬಿತ್ತಿಲಿನಲ್ಲಿ ತಾಯಿ-ಮಕ್ಕಳ ಕ್ಷೇತ್ರವು ಜೀರ್ಣೋದ್ಧಾರಗೊಂಡು ೨೦೨೦ರಲ್ಲಿ ಬ್ರಹ್ಮಕಲಶೋತ್ಸವವು ನೆರವೇರಿತು. ಇದು ಸಂತೋಷದ ವಿಷಯವೇ. ಆದರೆ ಮರಳಿ ಬಂದ ದೇಯಿಯು ಮಾತೆಯಾಗಿ, ಆರಾಧ್ಯಳಾಗಿ ಬಂದಿದ್ದಾಳೆ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕಾಡಿನಲ್ಲಿ ಅತ್ತ ಹುಡುಗಿಯು ಧ್ವನಿವರ್ಧಕದ ಭಕ್ತಿಗೀತೆಯಲ್ಲಿ ಕೇಳಿಸುವುದು ಕಡಮೆ.

ಹಾಗಾದರೆ ಕಥೆ ಕೆಟ್ಟಿತೆಂದು ಹೇಳಬೇಕೆ? ನಾನು ಹಾಗೆ ಹೇಳಲಾರೆ. ದನಿ ಬದಲಿಸದ ಕಥೆ ಸತ್ತ ಕಥೆ. ಪಂಜೆಯವರ ವೀರವೂ, ಅರ್ಥಧಾರಿಯ ವಾದವೂ, ತೆರೆಯ ರೌದ್ರವೂ ಒಂದೊಂದು ತಲೆಮಾರಿಗೆ ಈ ಅಣ್ಣತಮ್ಮಂದಿರನ್ನು ಜೀವಂತವಾಗಿರಿಸಿದುವು. ನನ್ನ ಕಳವಳವೇ ಬೇರೆ. ಬ್ಯಾಟ್‌ಮ್ಯಾನನ ಹಳೆಯ ದನಿಗಳೆಲ್ಲವೂ ಇಂದಿಗೂ ಉಳಿದಿವೆ. ೧೯೬೬ರ ವಿನೋದವನ್ನು ನನ್ನ ವಿದ್ಯಾರ್ಥಿಯು ಬೇಕೆಂದಾಗ ನೋಡಬಲ್ಲನು. ನಮ್ಮ ಪಾಡ್ದನದ ದನಿ ಇರುವುದು ಕೊರಳುಗಳಲ್ಲಿ. ಆ ಕೊರಳಿಗೆ ಗದ್ದೆ ಬೇಕು. ಪುತ್ತೂರು-ಸುಳ್ಯಗಳ ಗದ್ದೆಗಳು ಬಹುಪಾಲು ಅಡಿಕೆಯ ತೋಟಗಳಾಗಿವೆ, ಗುಡ್ಡಗಳು ರಬ್ಬರಿನ ಪಾಲಾಗಿವೆ. ಅಡಿಕೆಯ ತೋಟದಲ್ಲಿ ಇಪ್ಪತ್ತು ಮಂದಿ ಸಾಲಾಗಿ ನಿಂತು ಮಾಡುವ ಕೆಲಸವಿಲ್ಲ. ಆದುದರಿಂದ ಸಾಲು ಹೇಳುವವರೂ ಇಲ್ಲ, ಎತ್ತಿಕೊಳ್ಳುವವರೂ ಇಲ್ಲ.

ಕೆಲವು ವರ್ಷಗಳ ಹಿಂದೆ ಸುಳ್ಯದ ಕಡೆಯ ಒಂದು ಹಳ್ಳಿಯಲ್ಲಿ, ಈ ಪಾಡ್ದನವನ್ನು ಬಲ್ಲ ವೃದ್ಧೆಯೊಬ್ಬರ ಮನೆಗೆ ಹೋಗಿದ್ದೆನು. ಎಣ್ಮೂರಿನ ಯುದ್ಧದ ಭಾಗವನ್ನು ಹಾಡಬೇಕೆಂದು ಕೇಳಿದೆನು. ಅವರು ದೇಯಿಯನ್ನು ಕಾಡಿಗೆ ಒಯ್ಯುವಲ್ಲಿಂದ ಆರಂಭಿಸಿದರು. ಜಗಲಿಯ ಮೇಲೆ ಕುಳಿತು ಹಾಡುವುದು ಅವರಿಗೆ ಒಗ್ಗಲಿಲ್ಲ. ಕೈಯಲ್ಲಿ ನೇಜಿಯಿಲ್ಲದೆ ಮುಂದಿನ ಸಾಲು ನೆನಪಿಗೆ ಬಾರದೆಂದು ಹೇಳಿ ನಡುವೆಯೇ ನಿಲ್ಲಿಸಿಬಿಟ್ಟರು. ಮಡಿಲಲ್ಲಿದ್ದ ಮೊಮ್ಮಗಳು ಅಷ್ಟು ಹೊತ್ತೂ ಅಲುಗದೆ ಕೇಳುತ್ತಿದ್ದಳು. ಯುದ್ಧದ ಭಾಗಕ್ಕೆ ನಾವು ತಲುಪಲೇ ಇಲ್ಲ. ಮತ್ತೊಮ್ಮೆ ಬರುತ್ತೇನೆಂದು ಹೇಳಿ ಬಂದವನು ಪರೀಕ್ಷೆ, ಮೌಲ್ಯಮಾಪನಗಳ ನೆವದಲ್ಲಿ ತಡಮಾಡಿದೆನು. ನಾನು ಮತ್ತೆ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ವಾಮನ ನಂದಾವರರಂಥ ವಿದ್ವಾಂಸರು ಈ ಕಥೆಯನ್ನು ಕುರಿತು ವಿಸ್ತಾರವಾಗಿ ಸಂಶೋಧನೆ ನಡೆಸಿರುವರು. ಪಾಡ್ದನಗಳ ಪಠ್ಯಗಳೂ ಅಚ್ಚಾಗಿವೆ. ಮಾತುಗಳು ಉಳಿದಿವೆಯೆಂಬುದು ನಿಜ. ಆದರೆ ಮಾತು ಉಳಿದರೂ ದನಿ ಉಳಿಯಿತೆನ್ನಲಾಗದು. ಶೋಕದ ಆ ದನಿಯನ್ನು ಒಮ್ಮೆಯೂ ಕೇಳದೆ ಬೆಳೆದವನಿಗೆ ಕೋಟಿ-ಚೆನ್ನಯರು ಕೇವಲ ಬಲಶಾಲಿಗಳಾಗಿ ತೋರುವರು. ಅವರೇಕೆ ಕತ್ತಿ ಹಿಡಿದರು ಎಂಬುದನ್ನು ಬಲ್ಲ ಹಾಡು ಗದ್ದೆಯದು ಮಾತ್ರ.

ಆ ವಿದ್ಯಾರ್ಥಿಗೆ ಈಗ ನಾನು ಒಂದು ಕೆಲಸವನ್ನು ಒಪ್ಪಿಸಿರುವೆನು. ಅವನ ಅಜ್ಜಿಯ ಮನೆ ಕಡಬದ ಬಳಿ. ಕೈಯಲ್ಲಿ ದೂರವಾಣಿ ಯಂತ್ರವಿದೆ, ಅದರಲ್ಲಿ ದನಿಯನ್ನು ಹಿಡಿದಿಡುವ ಅನುಕೂಲವೂ ಇದೆ. ಅಜ್ಜಿಗೆ ನೆನಪಿರುವಷ್ಟು ಪಾಡ್ದನವನ್ನು, ಆಕೆ ಎಲ್ಲಿಂದ ಆರಂಭಿಸುವರೋ ಅಲ್ಲಿಂದಲೇ, ತುಂಡರಿಸದೆ ದಾಖಲಿಸಿ ತಾ ಎಂದಿದ್ದೇನೆ. ಈ ಮಳೆಗಾಲ ಮುಗಿಯುವುದರೊಳಗೆ ತರುವೆನೆಂದು ಮಾತು ಕೊಟ್ಟಿದ್ದಾನೆ. ವಾಚಕರ ಮನೆಗಳಲ್ಲಿಯೂ ಅಂಥ ಅಜ್ಜಿಯರು ಇದ್ದಾರು. ಅವರನ್ನು ಕೇಳಲು ಪರೀಕ್ಷೆಗಳು ಮುಗಿಯಲೆಂದು ಕಾಯಬಾರದೆಂಬುದಷ್ಟೇ ನನ್ನ ಬಿನ್ನಹ.