ನಿಲ್ಲಿಸಿ ಬಿಪಿ ನೋಡಿದ್ದಾರಾ?

ನಮ್ಮ ದೊಡ್ಡಪ್ಪ ಬೆಳಗ್ಗೆ ಹಾಸಿಗೆಯಿಂದ ಎದ್ದವರೇ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಡುತ್ತಿದ್ದರು. ಏನಾಯ್ತು ಎಂದರೆ, ‘ಕಣ್ಣು ಕತ್ತಲೆ ಬಂದಂಗಾಯ್ತು, ಏನಿಲ್ಲ ಬಿಡು’ ಎನ್ನುವರು. ಸಕ್ಕರೆ ಕಾಯಿಲೆಗೆ 18 ವರ್ಷವಾಗಿತ್ತು. ಪಿತ್ತವಿರಬೇಕೆಂದು ದೊಡ್ಡಮ್ಮ ಜೀರಿಗೆ ಕಷಾಯ ಕಾಯಿಸಿ ಕೊಡುತ್ತಿದ್ದರು.

ಹೊಸದಾಗಿ ನೋಡಿದ ವೈದ್ಯೆಯೊಬ್ಬರು ಅವರನ್ನು ಮಲಗಿಸಿ ಬಿಪಿ ನೋಡಿದರು: 150. ‘ಈಗ ಎದ್ದು ನಿಂತ್ಕೊಳ್ಳಿ ಯಜಮಾನ್ರೇ’ ಎಂದು, ತೋಳಿನ ಪಟ್ಟಿ ಬಿಚ್ಚದೆ, ಗಡಿಯಾರ ನೋಡುತ್ತ ಮೂರು ನಿಮಿಷ ಕಾದರು. ಮತ್ತೆ ನೋಡಿದಾಗ 118. ದೊಡ್ಡಪ್ಪ ಮೇಜಿನ ಅಂಚು ಬಿಗಿಯಾಗಿ ಹಿಡಿದಿದ್ದರು. ಕೂತಲ್ಲೇ ನಾಡಿ 104. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿರುವುದೂ ಆ ವಾರವೇ ಗೊತ್ತಾಯಿತು. ಇಷ್ಟು ವರ್ಷದಲ್ಲಿ ಅವರನ್ನು ನಿಲ್ಲಿಸಿ ಬಿಪಿ ನೋಡಿದ್ದು ಅದೇ ಮೊದಲು.

ಸಕ್ಕರೆ ಕಾಯಿಲೆಯಲ್ಲಿ ಪಾದ ಜುಮ್ಮೆನ್ನುವುದು ಎಲ್ಲರಿಗೂ ಗೊತ್ತು. ಹೃದಯದ ನರಗಳೂ ಹಾಗೆಯೇ ಸೊರಗುತ್ತವೆ ಎಂಬುದು ಗೊತ್ತಿರುವವರು ಕಡಿಮೆ. ಉದ್ದದ ನರಗಳಿಗೆ ಮೊದಲು ಪೆಟ್ಟು. ಮಿದುಳಿನ ಬುಡದಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಹೃದಯದ ಓಟಕ್ಕೆ ಹಾಕಿದ ಲಗಾಮು. ಅದು ಸಡಿಲಾದರೆ ಸುಮ್ಮನೆ ಕೂತಾಗಲೂ ನಾಡಿ ಓಡುತ್ತದೆ. ರಕ್ತನಾಳ ಬಿಗಿ ಮಾಡುವ ನರಗಳೂ ಕೈಕೊಟ್ಟರೆ, ಎದ್ದ ಕೂಡಲೇ ರಕ್ತ ಕಾಲಿಗಿಳಿದು ತಲೆ ತಿರುಗುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಕಡೆಗಣಿಸುವಂತಿಲ್ಲ. (ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ; ಹಾಗೆಂದು ನೀವಾಗಿಯೇ ಮಾತ್ರೆ ಬಿಡಬೇಡಿ.)

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇನ್ನೊಂದು ಮಾತು. ನೋವಿನ ಸುದ್ದಿ ಮುಟ್ಟಿಸುವ ನರವೇ ಸತ್ತಿದ್ದರೆ ಹೃದಯಾಘಾತ ಎದೆನೋವಿಲ್ಲದೆ ಬರಬಹುದು. ಬೆವರು, ಏದುಸಿರು, ಹೇಳಲಾಗದ ಸುಸ್ತು, ಅಷ್ಟೇ. ಗ್ಯಾಸ್ ಎಂದು ಸೋಡಾ ಕುಡಿದು ಮಲಗುವವರು ನಮ್ಮಲ್ಲಿ ಎಷ್ಟು ಜನ!

ಕಿಡ್ನಿಯ ಕಥೆಯೂ ಈ ನರಗಳ ಕಥೆಗೇ ಹೆಣೆದುಕೊಂಡಿದೆ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ನರಕ್ಕೆ ರಕ್ತ ಒಯ್ಯುವ ಎಳೆನಾಳಗಳಂತೆಯೇ ಇವೂ ಸಕ್ಕರೆಯಿಂದ ಹಾಳಾಗುತ್ತವೆ; ಆಗಲೇ ಆಲ್ಬುಮಿನ್ ಮೂತ್ರಕ್ಕೆ ಸೋರುವುದು. ಜೊತೆಗೆ, ರಾತ್ರಿ ನಿದ್ದೆಯಲ್ಲಿ ಶೇ 10ರಷ್ಟಾದರೂ ಇಳಿಯಬೇಕಾದ ಬಿಪಿ, ನರ ಕೆಟ್ಟವರಲ್ಲಿ ಎಷ್ಟೋ ಸಲ ಇಳಿಯುವುದೇ ಇಲ್ಲ. ಹಗಲಿಡೀ ದುಡಿದ ಕಿಡ್ನಿಗೆ ರಾತ್ರಿಯೂ ಬಿಡುವಿಲ್ಲ. ಹೃದಯದ ನರ ಸೊರಗಿದವರಲ್ಲಿ ಕಿಡ್ನಿಯ ಶಕ್ತಿ ಬೇಗ ಕುಂದುವುದನ್ನು ವೈದ್ಯರು ಕಂಡಿದ್ದಾರೆ.

ಇದಕ್ಕೆ ದಾರಿ ಇಲ್ಲದಿಲ್ಲ. ಡೆನ್ಮಾರ್ಕಿನ ಸ್ಟೆನೋ ಕೇಂದ್ರದಲ್ಲಿ, ಮೂತ್ರದಲ್ಲಿ ಆಲ್ಬುಮಿನ್ ಕಾಣಿಸಿಕೊಂಡಿದ್ದ 160 ಮಧುಮೇಹಿಗಳನ್ನು ಎಂಟು ವರ್ಷದ ಹತ್ತಿರ ಗಮನಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಕ್ಕರೆ, ಬಿಪಿ, ಕೊಲೆಸ್ಟರಾಲ್, ಊಟ, ನಡಿಗೆ ಎಲ್ಲವನ್ನೂ ಒಟ್ಟಿಗೆ ಬಿಗಿಹಿಡಿದ ಗುಂಪಿನಲ್ಲಿ ಕಿಡ್ನಿ ಕಾಯಿಲೆಯ ಅಪಾಯವೂ ಹೃದಯ, ರಕ್ತನಾಳ ನೋಡಿಕೊಳ್ಳುವ ನರಗಳ ಹಾನಿಯೂ ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿದ್ದದ್ದರ ಅರ್ಧಕ್ಕಿಂತ ಕಡಿಮೆಯಿತ್ತು. ಬರೀ ಸಕ್ಕರೆಯ ಅಂಕಿ ಹಿಡಿದು ನೆಮ್ಮದಿಯಾಗಿರುವುದು ತಪ್ಪು ಎಂದು ನಾನು ಹೇಳುವುದು ಅದಕ್ಕೇ.

ದೊಡ್ಡಪ್ಪ ಈಗ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ಏಳುತ್ತಾರೆ. ಮಾತ್ರೆ ಬದಲಾಗಿದೆ, ಉಪ್ಪಿನಕಾಯಿ ಜಾಡಿ ಅಟ್ಟ ಸೇರಿದೆ.

2023ರ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ನಿಮ್ಮ ಮನೆಯಲ್ಲೂ ಒಬ್ಬರಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಎರಡು ಮಾತು ಕೇಳಿ: ‘ನಿಲ್ಲಿಸಿ ಒಮ್ಮೆ ಬಿಪಿ ನೋಡ್ತೀರಾ? ಈ ವರ್ಷ ಕಿಡ್ನಿ ನೋಡೋಕೆ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಿದ್ದೀವಾ?’