ವೃದ್ಧಾಪ್ಯದಲ್ಲಿ ಸ್ವಾವಲಂಬನೆಯ ಅಳತೆ

ವೃದ್ಧರೊಬ್ಬರಿಗೆ ಯಾವ ವ್ಯಾಧಿಯಿದೆಯೆಂಬುದನ್ನು ವೈದ್ಯರು ಹೇಳಬಲ್ಲರು. ಆದರೆ ಅವರು ನಾಳೆ ಬೆಳಿಗ್ಗೆ ತಾವಾಗಿಯೇ ಎದ್ದು ಸ್ನಾನ ಮಾಡಬಲ್ಲರೆ ಎಂಬುದನ್ನು ವ್ಯಾಧಿಯ ಹೆಸರು ತಿಳಿಸಲಾರದು. ಒಂದೇ ವ್ಯಾಧಿಯುಳ್ಳ ಇಬ್ಬರಲ್ಲಿ ಒಬ್ಬರು ತೋಟಕ್ಕೆ ಹೋಗಿಬರುತ್ತಿರಬಹುದು; ಇನ್ನೊಬ್ಬರು ಹಾಸಿಗೆ ಹಿಡಿದಿರಬಹುದು. ಈ ಅಂತರವನ್ನು ಅಳೆಯಲೆಂದು ಅಮೆರಿಕದ ಕ್ಲೀವ್‌ಲೆಂಡ್ ನಗರದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಸರಳವಾದ ಮಾನದಂಡವೊಂದನ್ನು ಪ್ರಕಟಿಸಿದರು.

ಸ್ನಾನ, ಬಟ್ಟೆ ಧರಿಸುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದೆದ್ದು ಕುರ್ಚಿಗೆ ಬರುವುದು, ಮಲಮೂತ್ರಗಳ ಹತೋಟಿ, ಊಟ—ಇವು ಅದರ ಆರು ಅಂಶಗಳು. ಸಾಮಾನ್ಯವಾಗಿ ಸ್ನಾನದ ಶಕ್ತಿ ಮೊದಲು ಕುಂದುತ್ತದೆ. ಉಣ್ಣುವ ಶಕ್ತಿ ಕೊನೆಯವರೆಗೂ ಉಳಿಯುತ್ತದೆ. ಚೇತರಿಕೆಯ ಕ್ರಮವಾದರೋ ಇದಕ್ಕೆ ವಿಲೋಮವಾದುದು. ಮಗು ಈ ಕೆಲಸಗಳನ್ನು ಕಲಿಯುವ ಕ್ರಮವನ್ನೇ ಅದು ಹೋಲುತ್ತದೆಂದು ಕಾಟ್ಜ್ ಕಂಡುಕೊಂಡರು. ಇಲ್ಲಿ ಕೇಳಬೇಕಾದುದು ‘ಮಾಡಬಲ್ಲರೆ?’ ಎಂದಲ್ಲ, ‘ಮಾಡುತ್ತಿರುವರೆ?’ ಎಂದು. ಶಕ್ತಿಯಿದ್ದೂ ಮಾಡದವರನ್ನು ಈ ಮಾನದಂಡವು ಮಾಡದವರೆಂದೇ ಎಣಿಸುತ್ತದೆ.

ಮನೆಯೊಳಗೆ ಸ್ವತಂತ್ರರಾಗಿ ಬಾಳಲು ಈ ಆರು ಸಾಲವು. ಆದುದರಿಂದ ಲಾಟನ್ ಮತ್ತು ಬ್ರೋಡಿ ಎಂಬವರು 1969ರಲ್ಲಿ ಎಂಟು ಅಂಶಗಳ ಮತ್ತೊಂದು ಪಟ್ಟಿಯನ್ನು ನೀಡಿದರು: ದೂರವಾಣಿ, ಪೇಟೆಯ ಖರೀದಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧಿ ಸೇವನೆ, ಹಣದ ವ್ಯವಹಾರ. ಮೂಲ ಪಟ್ಟಿಯಲ್ಲಿ ಅಡುಗೆ, ಮನೆಗೆಲಸ, ಒಗೆತಗಳನ್ನು ಪುರುಷರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಳತೆಗೋಲು ಸಹ ತನ್ನ ಕಾಲದ ಸಮಾಜವನ್ನು ಪ್ರತಿಬಿಂಬಿಸುತ್ತದೆಯೆಂಬುದಕ್ಕೆ ಇದೇ ನಿದರ್ಶನ.

ಹೀಗಿರುವಾಗ ಪರದೇಶದ ಪಟ್ಟಿಯನ್ನು ನಮ್ಮ ಹಳ್ಳಿಗಳಿಗೆ ಹಾಗೆಯೇ ಅನ್ವಯಿಸಲಾಗದು. ಎಂದೂ ಅಡುಗೆಮನೆ ಹೊಕ್ಕದ ಅಜ್ಜನಿಗೆ ಅಡುಗೆ ಬಾರದಿರುವುದು ಅಶಕ್ತಿಯಲ್ಲ. ನೆಲದ ಮೇಲೆ ಕುಳಿತು ಏಳಲಾರದಿರುವುದು ನಿಜವಾದ ತೊಡಕು. ಹರಿಯಾಣದ ಬಲ್ಲಭಗಢದಲ್ಲಿ ಅಕ್ಷರಜ್ಞಾನವಿಲ್ಲದ ಗ್ರಾಮೀಣ ವೃದ್ಧರಿಗಾಗಿ ರೂಪಿಸಿದ ಮಾನದಂಡವೊಂದು 1999ರಲ್ಲಿ ಪ್ರಕಟವಾದುದು ಈ ದೃಷ್ಟಿಯಿಂದ ಮಹತ್ವದ್ದು.

ಅಳತೆಯ ಉದ್ದೇಶ ವೃದ್ಧರಿಗೆ ಅಶಕ್ತರೆಂಬ ಹಣೆಪಟ್ಟಿ ಹಚ್ಚುವುದಲ್ಲ. ಎಲ್ಲಿ, ಎಷ್ಟು ನೆರವು ಬೇಕೆಂಬುದನ್ನು ಅರಿಯುವುದು. ಕಳೆದ ತಿಂಗಳು ತಾವೇ ಸ್ನಾನ ಮಾಡುತ್ತಿದ್ದವರು ಈಗ ಹಿಂಜರಿದರೆ, ಕಾರಣವು ಬಿದ್ದ ಭಯವೋ, ಮಂದದೃಷ್ಟಿಯೋ, ಜಾರುವ ನೆಲವೋ ಎಂದು ವಿಚಾರಿಸಬೇಕು. ಬಚ್ಚಲಿನ ಗೋಡೆಗೆ ಒಂದು ಹಿಡಿಕೆ ಹಾಕಿಸಿದರೆ ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ. ಪ್ರೀತಿಯ ಹೆಸರಿನಲ್ಲಿ ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ಉಳಿದ ಶಕ್ತಿಯೂ ಬಳಕೆಯಿಲ್ಲದೆ ಕ್ಷೀಣಿಸುತ್ತದೆ. ತುತ್ತು ಬಾಯಿಗಿಡುವುದಷ್ಟೇ ಸೇವೆಯಲ್ಲ. ತುತ್ತೆತ್ತುವ ಕೈಗೆ ಅವಕಾಶವನ್ನೂ ಸಮಯವನ್ನೂ ನೀಡುವುದೂ ಸೇವೆಯೇ.